ಹಳೆ ಕಂಪ್ಯೂಟರ್‌ಗಳ ಲ್ಯಾಬಿಗೆ ಯಾವ ಲಾಗಿನ್ ಮ್ಯಾನೇಜರ್ ಒಳ್ಳೆಯದು?

ಹೊಳೆದಂಡೆ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಲ್ಯಾಬಿಗೆ ಒಂದಷ್ಟು ಹಳೆ ಡೆಸ್ಕ್‌ಟಾಪ್‌ಗಳು ಬಂದಿವೆ. 4 ಜಿಬಿ ರ‍್ಯಾಮ್, ಇಂಟೆಲ್ ಗ್ರಾಫಿಕ್ಸ್, ಎಸ್‌ಎಸ್‌ಡಿ ಇಲ್ಲ. ಎಲ್ಲಕ್ಕೂ ಡೆಬಿಯನ್ 12 ಲಿನಕ್ಸ್ ಹಾಕಿದ್ದೇನೆ. ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಪರಿಸರ ಇವುಗಳಿಗೆ ಭಾರ ಅಂತ ಹಗುರವಾದ ಎಕ್ಸ್‌ಎಫ್‌ಸಿಇ ಸೇರಿಸಿದೆ. ಒಳಗೆ ಹೋದ ಮೇಲೆ ಎಲ್ಲ ಆರಾಮಾಗಿದೆ. ಆದರೆ ಲಾಗಿನ್ ಪರದೆ ಮಾತ್ರ ಇನ್ನೂ ಗ್ನೋಮ್‌ನ ಜಿಡಿಎಂ. ಅದು ಏಳೋಕೇ ಹೊತ್ತು ಹಿಡಿಯುತ್ತೆ, ಪೀರಿಯಡ್ ಅಲ್ಲೇ ಕರಗುತ್ತೆ.

ನಮಗೆ ಬೇಕಾಗಿರೋದು ಇಷ್ಟೇ. ಎಂಟು, ಒಂಬತ್ತು, ಹತ್ತನೇ ತರಗತಿಗೆ ಒಂದೊಂದು ಖಾತೆ. ಆ ಹೆಸರುಗಳು ಕನ್ನಡದಲ್ಲಿ ಪಟ್ಟಿಯಾಗಿ ಕಾಣಬೇಕು, ಮಕ್ಕಳು ಒತ್ತಿ ಒಳಗೆ ಹೋಗಬೇಕು. ಶಿಕ್ಷಕರ ಖಾತೆ ಬೇರೆ. ಕೀಬೋರ್ಡ್ ಕನ್ನಡ, ಇಂಗ್ಲಿಷ್ ಎರಡೂ ಬೇಕು. ಹುಡುಕಿದರೆ ಲೈಟ್‌ಡಿಎಂ, ಎಸ್‌ಡಿಡಿಎಂ, ಎಲ್‌ಎಕ್ಸ್‌ಡಿಎಂ, ಸ್ಲಿಮ್ ಅಂತ ಸಾಲು ಸಾಲು ಹೆಸರು ಸಿಗುತ್ತವೆ. ಯಾವುದಕ್ಕೆ ಕೈ ಹಾಕಲಿ?

ಟರ್ಮಿನಲ್_ತಿಪ್ಪೇಶಿ
ಯಾವುದೂ ಬೇಡ ಸರ್. ಕಪ್ಪು ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಸ್ಟಾರ್ಟ್‌ಎಕ್ಸ್ ಅಂದರೆ ಎಕ್ಸ್ (ಚಿತ್ರದ ಪರದೆ ನಡೆಸುವ ವ್ಯವಸ್ಥೆ) ಏಳುತ್ತೆ, ಮುಗೀತು. ಹೋಮ್ ಫೋಲ್ಡರಿನ ಎಕ್ಸ್‌ಇನಿಟ್‌ಆರ್‌ಸಿ ಫೈಲಿನಲ್ಲಿ ಎಕ್ಸ್‌ಎಫ್‌ಸಿಇ ಶುರು ಮಾಡುವ ಒಂದೇ ಸಾಲು ಸಾಕು. ನಾನು ಯಾವ ಮಷೀನಿಗೂ ಡಿಸ್‌ಪ್ಲೇ ಮ್ಯಾನೇಜರ್ (ಲಾಗಿನ್ ಮ್ಯಾನೇಜರಿನ ಇನ್ನೊಂದು ಹೆಸರು) ಹಾಕುವುದಿಲ್ಲ. ಅದು ಇಲ್ಲದಿದ್ದರೆ ಅದು ಕೆಡುವ ಪ್ರಶ್ನೆಯೂ ಇಲ್ಲ.

ಸೀತಾಳೆ
ತಿಪ್ಪೇಶಿ ಅವರೇ, ನಿಮ್ಮ ಲ್ಯಾಪ್‌ಟಾಪಿಗೆ ಅದು ಸರಿ. ಮೇಷ್ಟ್ರು ಕೇಳಿದ್ದು ಕನ್ನಡ ಹೆಸರಿನ ಪಟ್ಟಿ. ಲಿನಕ್ಸ್ ಕನ್ಸೋಲಿನ, ಅಂದರೆ ಆ ಕಪ್ಪು ಪರದೆಯ ಫಾಂಟಿನಲ್ಲಿ ಹೆಚ್ಚೆಂದರೆ 512 ಚಿತ್ರಗಳಿಗೆ ಜಾಗ, ಒತ್ತಕ್ಷರ ಕೂಡಿಸುವ ಕೆಲಸ ಅದಕ್ಕೆ ಗೊತ್ತೇ ಇಲ್ಲ. ಅಲ್ಲಿ ಕನ್ನಡ ಬರುವುದಿಲ್ಲ.

ಇನ್ನೊಂದು. ಶೆಲ್‌ನಿಂದ (ಕಮಾಂಡ್ ಟೈಪ್ ಮಾಡುವ ಜಾಗ) ಸ್ಟಾರ್ಟ್‌ಎಕ್ಸ್ ಕೊಟ್ಟರೆ ಹಿಂದೆ ಆ ಶೆಲ್ ಹಾಗೇ ತೆರೆದಿರುತ್ತೆ. ಪರದೆ ಲಾಕ್ ಮಾಡಿ ಎದ್ದು ಹೋಗಿರುತ್ತೀರಿ. ಯಾವುದೋ ಹುಡುಗ ಬಂದು ಹೇಗಾದರೂ ಎಕ್ಸ್ ಬೀಳಿಸಿದರೆ ನಿಮ್ಮ ಖಾತೆ ಅವನ ಕೈಯಲ್ಲಿ.

ಟರ್ಮಿನಲ್_ತಿಪ್ಪೇಶಿ
ಸ್ಟಾರ್ಟ್‌ಎಕ್ಸ್‌ಗೆ ಮುಂಚೆ ಎಕ್ಸೆಕ್ ಅನ್ನುವ ಪದ ಸೇರಿಸಿ ಕೊಟ್ಟರೆ ಶೆಲ್ ಉಳಿಯುವುದಿಲ್ಲ. ಎಕ್ಸ್ ಬಿದ್ದರೆ ಲಾಗಿನ್‌ಗೇ ಹೋಗುತ್ತೆ. ಆದರೆ ಕನ್ನಡದ ಮಾತು ಒಪ್ಪಿದೆ. ಮೇಷ್ಟ್ರೇ, ನಿಮಗೆ ಗ್ರಾಫಿಕಲ್ ಬೇಕು.

ಹಳೇಬೇರು
ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ಯಾಕೆಂದರೆ ಈ ಹೆಸರುಗಳ ಗೊಂದಲಕ್ಕೆ ಕಾರಣ ಅಲ್ಲಿದೆ.

ಇವಕ್ಕೆಲ್ಲ ಮೂಲ ಎಕ್ಸ್‌ಡಿಎಂ. 1988ರಲ್ಲಿ ಎಕ್ಸ್11ರ ಮೂರನೇ ಬಿಡುಗಡೆಯ ಜೊತೆ ಬಂತು, ಬರೆದವರು ಕೀತ್ ಪ್ಯಾಕರ್ಡ್. ಆಗ ಉದ್ದೇಶವೇ ಬೇರೆ. ಮೇಜಿನ ಮೇಲೆ ಇರುತ್ತಿದ್ದದ್ದು ಎಕ್ಸ್ ಟರ್ಮಿನಲ್. ಅದರಲ್ಲಿ ಡಿಸ್ಕ್ ಇಲ್ಲ, ಪ್ರೋಗ್ರಾಂ ಓಡುವುದೆಲ್ಲ ದೂರದ ಸರ್ವರಿನಲ್ಲಿ. ಆ ಟರ್ಮಿನಲ್ ಎದ್ದ ಕೂಡಲೇ ನೆಟ್‌ವರ್ಕ್ ಮೇಲೆ "ನನಗೊಂದು ಲಾಗಿನ್ ಪರದೆ ಕೊಡಿ" ಅಂತ ಕೇಳಬೇಕಲ್ಲ, ಅದಕ್ಕೇ ಎಕ್ಸ್‌ಡಿಎಂಸಿಪಿ ಅನ್ನುವ ಪ್ರೋಟೋಕಾಲ್ ಮಾಡಿದರು. ಯುಡಿಪಿ ಪೋರ್ಟ್ 177. ಡಿಸ್‌ಪ್ಲೇಗಳನ್ನು ನೋಡಿಕೊಳ್ಳುವುದು ಅದರ ಕೆಲಸ, ಹಾಗಾಗಿ ಡಿಸ್‌ಪ್ಲೇ ಮ್ಯಾನೇಜರ್. ಲಾಗಿನ್ ಅದರ ಒಂದು ಭಾಗ ಅಷ್ಟೇ.

ಆಮೇಲೆ ಸೋಲಾರಿಸ್, ಎಚ್‌ಪಿ-ಯುಎಕ್ಸ್, ಎಐಎಕ್ಸ್‌ನಲ್ಲಿ ಸಿಡಿಇ ಡೆಸ್ಕ್‌ಟಾಪಿನ ಡಿಟಿಲಾಗಿನ್ ಬಂತು. ನಾನು ಓದಿದ ಕಾಲೇಜಿನಲ್ಲಿ ಅದೇ ಇತ್ತು. ನಡುವೆ ಒಂದು ಉಬ್ಬಿದ ಪೆಟ್ಟಿಗೆ, ಕೆಳಗೆ ಸ್ಟಾರ್ಟ್ ಓವರ್, ಆಪ್ಷನ್ಸ್ ಗುಂಡಿಗಳು. ಆಪ್ಷನ್ಸ್ ಒತ್ತಿದರೆ ಯಾವ ಸೆಷನ್ ಬೇಕು ಅಂತ ಆರಿಸಬಹುದಿತ್ತು. ಇವತ್ತು ನಾವು ಮೂಲೆಯ ಗಾಲಿ ಗುರುತಿನ ಮೇಲೆ ಒತ್ತಿ ಸೆಷನ್ ಆರಿಸುತ್ತೇವಲ್ಲ, ಅದೇ ಕೆಲಸ.

ಕಡಲ_ಕಿಟ್ಟ
ಎಕ್ಸ್‌ಡಿಎಂ ಈಗಲೂ ಹಾಕಬಹುದಲ್ವಾ? ಅದಕ್ಕಿಂತ ಹಗುರ ಯಾವುದಿದೆ?

ಸೀತಾಳೆ
ಹಗುರ ಹೌದು, ಆದರೆ ಅದರಲ್ಲಿ ಹೆಸರಿನ ಪಟ್ಟಿ ಇಲ್ಲ, ಪ್ರತಿ ಸಲ ಟೈಪ್ ಮಾಡಬೇಕು. ಕನ್ನಡದಲ್ಲಿ ಏನಾದರೂ ತೋರಿಸಲು ಹೋದರೆ ಅಕ್ಷರ ಬಿಡಿ ಬಿಡಿಯಾಗಿ ಬೀಳುತ್ತೆ, ಒತ್ತು ಪಕ್ಕಕ್ಕೆ ಹೋಗಿ ಕೂರುತ್ತೆ. ಕಿಟಕಿ, ಗುಂಡಿ ಮೂಡಿಸುವ ಜಿಟಿಕೆ ಲೈಬ್ರರಿ ಬಳಸುವ ಪರದೆಗಳಲ್ಲಿ ಅಕ್ಷರ ಜೋಡಿಸಲು ಪ್ಯಾಂಗೋ, ಅಂಥದೇ ಕ್ಯೂಟಿ ಲೈಬ್ರರಿಯಲ್ಲಿ ಹಾರ್ಫ್‌ಬಜ್, ಎರಡೂ ಕಡೆ ಒತ್ತಕ್ಷರ ಸರಿಯಾಗಿ ಕೂಡುತ್ತೆ. ಕನ್ನಡ ಬೇಕು ಅಂದರೆ ಇಲ್ಲಿಗೇ ಎಕ್ಸ್‌ಡಿಎಂ, ಸ್ಲಿಮ್ ಎರಡನ್ನೂ ಬಿಡಿ. ಮೂಲ ಸ್ಲಿಮ್ ಬೆಳವಣಿಗೆ ನಿಂತೇ 10 ವರ್ಷದ ಮೇಲಾಯ್ತು.

ಬಯಲುಸೀಮೆ_ಬೈಟ್
ಮೇಷ್ಟ್ರೇ, ಲೈಟ್‌ಡಿಎಂ ಹಾಕಿ. ಕಾರಣ ಹೇಳುತ್ತೇನೆ.

ಜಿಡಿಎಂ ನಿಧಾನ ಅನ್ನಿಸುವುದು ಸುಮ್ನೆ ಅಲ್ಲ. ಅದರ ಲಾಗಿನ್ ಪರದೆ ಬೇರೆ ಪ್ರೋಗ್ರಾಂ ಅಲ್ಲ, ಗ್ನೋಮ್ ಡೆಸ್ಕ್‌ಟಾಪನ್ನು ತೋರಿಸುವ ಗ್ನೋಮ್ ಶೆಲ್ಲೇ ಇನ್ನೊಂದು ವೇಷದಲ್ಲಿ ಓಡುತ್ತಿರುತ್ತೆ. ಎಕ್ಸ್‌ಎಫ್‌ಸಿಇ ಬಳಸುವ ಮಗು ಒಳಗೆ ಹೋಗಲಿ ಅಂತ ನಿಮ್ಮ ಹಳೆ ಹಾರ್ಡ್ ಡಿಸ್ಕ್ ಪೂರ್ತಿ ಗ್ನೋಮ್ ಶೆಲ್ ಓದಬೇಕು. ಅಲ್ಲೇ ಹೊತ್ತು ಹೋಗುವುದು.

ಲೈಟ್‌ಡಿಎಂನಲ್ಲಿ ಒಳಗಿನ ಕೆಲಸ ಒಂದು, ಮುಂದೆ ಕಾಣುವ ಪರದೆ ಇನ್ನೊಂದು. ಆ ಪರದೆಗೆ ಗ್ರೀಟರ್ ಅನ್ನುತ್ತಾರೆ. ಇಷ್ಟವಿಲ್ಲದಿದ್ದರೆ ಗ್ರೀಟರ್ ಮಾತ್ರ ಬದಲಿಸಬಹುದು. ಜಿಟಿಕೆ ಗ್ರೀಟರ್ ಸರಳ. ಸ್ಲಿಕ್ ಗ್ರೀಟರ್ ಇನ್ನೂ ಚೆಂದ, ಲಿನಕ್ಸ್ ಮಿಂಟ್‌ನವರು ಬಳಸುವುದು ಅದನ್ನೇ.

ಆದರೆ ಡೆಬಿಯನ್‌ನಲ್ಲಿ ಹಾಕಿದ ಕೂಡಲೇ ಪಟ್ಟಿ ಕಾಣಿಸುವುದಿಲ್ಲ. ಹೆಸರು ಟೈಪ್ ಮಾಡಿ ಅನ್ನುವ ಖಾಲಿ ಪೆಟ್ಟಿಗೆ ಬರುತ್ತೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಹೆಸರುಗಳನ್ನು ಅಡಗಿಸಿಡುವುದು ಡೆಬಿಯನ್‌ನವರು ಇಟ್ಟಿರುವ ಮೊದಲ ಆಯ್ಕೆ. ಇಟಿಸಿ (/etc) ಫೋಲ್ಡರ್ ಒಳಗಿನ ಲೈಟ್‌ಡಿಎಂ ಫೋಲ್ಡರಿನಲ್ಲಿ ಲೈಟ್‌ಡಿಎಂ ಡಾಟ್ ಕಾನ್ಫ್ ಇದೆ. ಅದರ ಸೀಟ್ ಭಾಗದಲ್ಲಿ ಗ್ರೀಟರ್-ಹೈಡ್-ಯೂಸರ್ಸ್ ಅನ್ನುವ ಸಾಲು ಹುಡುಕಿ. ಮುಂದಿನ ಹ್ಯಾಶ್ ತೆಗೆದು ಬೆಲೆ ಫಾಲ್ಸ್ ಇರಲಿ. ಮತ್ತೆ ಶುರು ಮಾಡಿದರೆ ಪಟ್ಟಿ ಬರುತ್ತೆ.

ಕನ್ನಡ ಹೆಸರು ಬರಲು ಖಾತೆಯ ಹೆಸರು ಬದಲಿಸಬೇಡಿ, ಅದು ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಇರಲಿ. ಪೂರ್ಣ ಹೆಸರಿನ ಜಾಗದಲ್ಲಿ "ಎಂಟನೇ ತರಗತಿ" ಅಂತ ಕನ್ನಡದಲ್ಲಿ ಬರೆಯಿರಿ. ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಆಗಿ ಸಿಎಚ್‌ಎಫ್‌ಎನ್ ಕಮಾಂಡ್ ಸಾಕು. ಎಎಸ್‌ಸಿಐಐ ಅಲ್ಲದ ಅಕ್ಷರ ಇದೆ ಅಂತ ಒಂದು ಎಚ್ಚರಿಕೆ ಕೊಡಬಹುದು, ಪರವಾಗಿಲ್ಲ. ಜೊತೆಗೆ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ, ಇಲ್ಲದಿದ್ದರೆ ಚೌಕ ಚೌಕ ಕಾಣುತ್ತೆ.

ಗ್ನೋಮ್_ಗೆಳತಿ
ಜಿಡಿಎಂ ಅಂದರೆ ಎಲ್ಲರೂ ಭಾರ ಭಾರ ಅಂತಲೇ ಹೇಳುತ್ತೀರಿ. ಗ್ನೋಮ್ ಬಳಸುವವರು ಇದನ್ನು ಓದಿ ಜಿಡಿಎಂ ಕಿತ್ತು ಹಾಕಿದರೆ ಏನಾಗುತ್ತೆ ಅಂತಲೂ ಹೇಳಿ. ಗ್ನೋಮ್‌ನಲ್ಲಿ ಪರದೆ ಲಾಕ್ ಆಗುವುದೇ ಜಿಡಿಎಂ ಜೊತೆ ಮಾತಾಡಿ. ಜಿಡಿಎಂ ತೆಗೆದು ಬೇರೆ ಹಾಕಿದರೆ ಸೂಪರ್-ಎಲ್ ಒತ್ತಿದರೂ ಲಾಕ್ ಆಗುವುದಿಲ್ಲ. ಆಫೀಸ್ ಲ್ಯಾಪ್‌ಟಾಪ್ ಹಾಗೆ ತೆರೆದಿಟ್ಟು ಕಾಫಿಗೆ ಹೋಗುವ ಹಾಗಿಲ್ಲ. ಉಬುಂಟು ಕೂಡ 11.10ರಲ್ಲಿ ಲೈಟ್‌ಡಿಎಂಗೆ ಹೋಗಿ, ಗ್ನೋಮ್‌ಗೆ ಮರಳಿದ 17.10ರಲ್ಲಿ ಮತ್ತೆ ಜಿಡಿಎಂಗೇ ಬಂತು. ಗ್ನೋಮ್ ಇದ್ದರೆ ಜಿಡಿಎಂ. ಅದರಲ್ಲಿ ಚರ್ಚೆ ಇಲ್ಲ.

ಬಯಲುಸೀಮೆ_ಬೈಟ್
ಒಪ್ಪಿದೆ. ನಾನು ಹೇಳಿದ್ದು ಎಕ್ಸ್‌ಎಫ್‌ಸಿಇ ಇರುವ ಈ ಲ್ಯಾಬಿಗೆ.

ಕಿವಿಯಿಂದ_ಓದುವವ
ಗ್ನೋಮ್_ಗೆಳತಿ ಬಿಟ್ಟ ಒಂದು ಮಾತು ನಾನು ಸೇರಿಸುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ, ಓರ್ಕಾ ಸ್ಕ್ರೀನ್ ರೀಡರ್ ಬಳಸುತ್ತೇನೆ. ನನ್ನ ಮಟ್ಟಿಗೆ ಲಾಗಿನ್ ಮ್ಯಾನೇಜರ್ ಆಯ್ಕೆ ಶುರುವಾಗುವುದೂ ಮುಗಿಯುವುದೂ ಒಂದೇ ಪ್ರಶ್ನೆಯಲ್ಲಿ: ಅದು ಮಾತಾಡುತ್ತದೆಯೇ? ಡೆಸ್ಕ್‌ಟಾಪ್ ಒಳಗೆ ಎಷ್ಟೇ ಅನುಕೂಲ ಇರಲಿ, ಬಾಗಿಲಲ್ಲೇ ಮೌನವಾದರೆ ಒಳಗೆ ಹೋಗಲು ಇನ್ನೊಬ್ಬರನ್ನು ಕರೆಯಬೇಕು.

ಜಿಡಿಎಂನಲ್ಲಿ ಆಲ್ಟ್-ಸೂಪರ್-ಎಸ್ ಒತ್ತಿದರೆ ಓರ್ಕಾ ಏಳುತ್ತೆ, ಯಾರ ಹೆಸರಿನ ಮೇಲೆ ಇದ್ದೇನೆ, ಪಾಸ್‌ವರ್ಡ್ ತಪ್ಪಾಯಿತೇ ಎಲ್ಲ ಹೇಳುತ್ತೆ. ಯಾವ ಫೈಲನ್ನೂ ತಿದ್ದಬೇಕಾಗಿಲ್ಲ. ಲೈಟ್‌ಡಿಎಂನ ಜಿಟಿಕೆ ಗ್ರೀಟರಿನಲ್ಲೂ ಆಗುತ್ತೆ, ಆದರೆ ಅದರ ಕಾನ್ಫ್ ಫೈಲಿನಲ್ಲಿ ರೀಡರ್ ಅಂದರೆ ಓರ್ಕಾ ಅಂತ ಮೊದಲೇ ಬರೆದಿರಬೇಕು. ಕಾಣುವವರು ಅದನ್ನು ಬರೆಯದೇ ಬಿಡುತ್ತಾರೆ. ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಇವತ್ತು ಅಂಥ ಮಗು ಇಲ್ಲದಿರಬಹುದು. ಬರುವ ವರ್ಷ ಬರಬಹುದು. ಈಗಲೇ ಒಂದು ಮಷೀನಿನಲ್ಲಾದರೂ ಹಾಕಿಡಿ. ಬರಹವನ್ನು ಮಾತಾಗಿಸುವ ಇಸ್ಪೀಕ್-ಎನ್‌ಜಿಯಲ್ಲಿ ಕನ್ನಡ ಧ್ವನಿಯೂ ಇದೆ.

ಹೊಳೆದಂಡೆ_ಮೇಷ್ಟ್ರು
ತುಂಬ ಒಳ್ಳೆಯ ಮಾತು ಸರ್. ಒಂದರಲ್ಲಿ ಅಲ್ಲ, ಎಲ್ಲದರಲ್ಲೂ ಹಾಕುತ್ತೇನೆ. ಹೆಡ್‌ಫೋನ್ ವ್ಯವಸ್ಥೆಯೂ ಮಾಡಬೇಕು.

ಪ್ಲಾಸ್ಮಾ_ಪಾರು
ಎಸ್‌ಡಿಡಿಎಂ ಬಗ್ಗೆ ಯಾರೂ ಮಾತಾಡುತ್ತಿಲ್ಲ! ಕೆಡಿಇಯವರ ಡೆಸ್ಕ್‌ಟಾಪ್ ಪ್ಲಾಸ್ಮಾ 5 ಬಂದಾಗ ಹಳೆ ಲಾಗಿನ್ ಮ್ಯಾನೇಜರ್ ಕೆಡಿಎಂ ಬಿಟ್ಟು ಇದನ್ನು ಹಿಡಿದರು. ಥೀಮ್‌ಗಳನ್ನು ಕ್ಯೂಎಂಎಲ್ ಭಾಷೆಯಲ್ಲಿ ಬರೆಯಬಹುದು, ಎಷ್ಟು ಚೆಂದ ಬೇಕಾದರೂ ಮಾಡಬಹುದು. ನಾನು ನನ್ನದರಲ್ಲಿ ಜೋಗದ ಫೋಟೋ ಹಾಕಿ, ಗಡಿಯಾರದ ಕೆಳಗೆ ವಾರದ ಹೆಸರು ಕನ್ನಡದಲ್ಲಿ ಬರುವ ಹಾಗೆ ಮಾಡಿಕೊಂಡಿದ್ದೇನೆ.

ಬಯಲುಸೀಮೆ_ಬೈಟ್
ಪ್ಲಾಸ್ಮಾ ಇದ್ದರೆ ಎಸ್‌ಡಿಡಿಎಂ ಸರಿ. ಎಕ್ಸ್‌ಎಫ್‌ಸಿಇ ಇರುವ ಕಡೆ ಬರೀ ಲಾಗಿನ್‌ಗೋಸ್ಕರ ಕ್ಯೂಟಿ ಲೈಬ್ರರಿಗಳ ಸಂಸಾರವನ್ನೇ ತಂದು ಕೂರಿಸುವುದು ಯಾಕೆ?

ಪ್ಲಾಸ್ಮಾ_ಪಾರು
ವಿಎಲ್‌ಸಿ ಹಾಕಿದರೆ ಕ್ಯೂಟಿ ಹೇಗೂ ಬರುತ್ತೆ. ಶಾಲೆಯಲ್ಲಿ ವಿಡಿಯೋ ತೋರಿಸುವುದಿಲ್ವಾ?

ಬಯಲುಸೀಮೆ_ಬೈಟ್
ಡಿಸ್ಕ್‌ನಲ್ಲಿ ಇರುವುದು ಬೇರೆ, ಬೂಟ್ ಆಗುವಾಗ ಓದುವುದು ಬೇರೆ. ಹಾರ್ಡ್ ಡಿಸ್ಕ್ ಮಷೀನಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಬಿಎಸ್‌ಡಿ_ಬಸಣ್ಣ
ಶೀರ್ಷಿಕೆಯಲ್ಲಿ ಲಿನಕ್ಸ್ ಅಂತಿಲ್ಲ, ಹಾಗಾಗಿ ನಾನೂ ಬರುತ್ತೇನೆ. ಓಪನ್‌ಬಿಎಸ್‌ಡಿ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಈ ತಲೆಬಿಸಿಯೇ ಇಲ್ಲ. ಇನ್‌ಸ್ಟಾಲ್ ಮಾಡುವಾಗಲೇ "ಎಕ್ಸ್ ಅನ್ನು ಕ್ಸೀನೋಡಿಎಂ ಮೂಲಕ ಶುರು ಮಾಡಲೇ?" ಅಂತ ಕೇಳುತ್ತೆ. ಹೌದು ಅಂದರೆ ಮುಗೀತು. ಅದು ಹಳೇಬೇರು ಅವರು ಹೇಳಿದ ಎಕ್ಸ್‌ಡಿಎಂನಿಂದಲೇ ಕವಲೊಡೆದದ್ದು, ಮೂಲ ಸಿಸ್ಟಮ್ ಜೊತೆಗೇ ಬರುತ್ತೆ.

ಫ್ರೀಬಿಎಸ್‌ಡಿಯಲ್ಲಿ ಎಸ್‌ಡಿಡಿಎಂ ಅಥವಾ ಲೈಟ್‌ಡಿಎಂ ಪ್ಯಾಕೇಜ್ ಹಾಕಿ, ಇಟಿಸಿಯ ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಎನೇಬಲ್ ಸಾಲು ಬರೆಯಬೇಕು. ಜೊತೆಗೆ ಡಿ-ಬಸ್ (ಪ್ರೋಗ್ರಾಂಗಳು ಒಂದರ ಜೊತೆ ಒಂದು ಮಾತಾಡುವ ದಾರಿ) ಸಾಲನ್ನೂ ಬರೆಯಿರಿ. ಹೊಸಬರ ಕಪ್ಪು ಪರದೆಗೆ ಎಷ್ಟೋ ಸಲ ಕಾರಣ ಆ ಡಿ-ಬಸ್ಸೇ.

ನಮಗೆ ಈಗಿರುವ ಚಿಂತೆ ಬೇರೆ. ಕೆಡಿಇಯವರು ಎಸ್‌ಡಿಡಿಎಂನಿಂದ ಕವಲು ತೆಗೆದು ಪ್ಲಾಸ್ಮಾ ಲಾಗಿನ್ ಮ್ಯಾನೇಜರ್ ಅಂತ ತಮ್ಮದೇ ಮಾಡಿದ್ದಾರೆ. ಅದಕ್ಕೆ ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನಡೆಸುವ ಸಿಸ್ಟಮ್‌ಡಿ ಬೇಕು. ಬಿಎಸ್‌ಡಿಗಳಲ್ಲಿ ಸಿಸ್ಟಮ್‌ಡಿ ಇಲ್ಲ. ಬಾಗಿಲಿಗೂ ಮನೆಗೂ ಇಷ್ಟು ಗಂಟು ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ.

ಪ್ಲಾಸ್ಮಾ_ಪಾರು
ಎಸ್‌ಡಿಡಿಎಂ ಎಲ್ಲೂ ಹೋಗಿಲ್ಲ ಬಸಣ್ಣ, ಬಿಎಸ್‌ಡಿಯಲ್ಲಿ ಅದನ್ನೇ ಬಳಸಿಕೊಂಡು ಪ್ಲಾಸ್ಮಾಗೆ ಹೋಗಬಹುದು. ಪ್ಲಾಸ್ಮಾ ಜೊತೆ ಸರಿಯಾಗಿ ಬೆಸೆದ ಲಾಗಿನ್ ಬೇಕು ಅಂತ ಬಳಸುವವರೇ ಕೇಳುತ್ತಿದ್ದರು. ಒಳಗೆ ಎರಡು ಮಾನಿಟರ್ ಸರಿಯಾಗಿ ಜೋಡಿಸಿರುತ್ತೇವೆ, ಲಾಗಿನ್ ಪರದೆ ಮಾತ್ರ ಅಡ್ಡ ತಿರುಗಿ ಮಲಗಿರುತ್ತೆ.

ಬಿಎಸ್‌ಡಿ_ಬಸಣ್ಣ
ಇವತ್ತು ಬಳಸಬಹುದು. ಎಲ್ಲರ ಗಮನ ಹೊಸದರ ಕಡೆ ಹೋದ ಮೇಲೆ ಹಳೆಯದರ ದೋಷ ಯಾರು ತಿದ್ದುತ್ತಾರೆ? ಅದು ನನ್ನ ಪ್ರಶ್ನೆ.

ತುಕ್ಕು_ಹಿಡಿಯದವ
ಗ್ರೀಟ್‌ಡಿ ನೋಡಿದ್ದೀರಾ ಯಾರಾದರೂ? ರಸ್ಟ್ ಭಾಷೆಯಲ್ಲಿ ಬರೆದ ಲಾಗಿನ್ ಮ್ಯಾನೇಜರ್. ಎಕ್ಸ್ ಬದಲಿಗೆ ವೇಲ್ಯಾಂಡ್ ಬಳಸುವ ಸ್ವೇ, ಹೈಪರ್‌ಲ್ಯಾಂಡ್ ಬಳಗದವರಿಗೆ ತುಂಬ ಅನುಕೂಲ. ಅದಕ್ಕೆ ಟ್ಯುಯಿಗ್ರೀಟ್ ಅನ್ನುವ ಗ್ರೀಟರ್ ಹಾಕಿಕೊಂಡರೆ ಎಕ್ಸ್ ಸರ್ವರೇ ಬೇಕಿಲ್ಲ, ಅಕ್ಷರದ ಪರದೆಯಲ್ಲೇ ಲಾಗಿನ್, ಸೆಷನ್ ಆಯ್ಕೆ ಎರಡೂ ಆಗುತ್ತೆ. ಲೈ ಅಂತ ಇನ್ನೊಂದಿದೆ, ಅದು ಜಿಗ್ ಭಾಷೆಯದ್ದು.

ಟರ್ಮಿನಲ್_ತಿಪ್ಪೇಶಿ
ಇದು ನನಗೆ ಹಿಡಿಸಿತು. ಇವತ್ತು ರಾತ್ರಿಯೇ ಹಾಕಿ ನೋಡುತ್ತೇನೆ.

ಸೀತಾಳೆ
ಕೀಬೋರ್ಡ್ ವಿಷಯ ಎಲ್ಲರೂ ಮರೆತರು. ಲ್ಯಾಬಿನಲ್ಲಿ ಜಾಸ್ತಿ ಕಾಟ ಕೊಡುವುದು ಅದೇ.

ಇಟಿಸಿಯ ಡಿಫಾಲ್ಟ್ ಫೋಲ್ಡರಿನಲ್ಲಿ ಕೀಬೋರ್ಡ್ ಅಂತ ಒಂದು ಫೈಲ್ ಇದೆ. ಅದರಲ್ಲಿ ಬರೀ ಕನ್ನಡ ವಿನ್ಯಾಸ ಹಾಕಿದರೆ ಲಾಗಿನ್ ಪರದೆಯಲ್ಲೂ ಕನ್ನಡವೇ ಬರುತ್ತೆ. ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿರುತ್ತೀರಿ, ಪರದೆಯಲ್ಲಿ ಬರೀ ಚುಕ್ಕಿ ಕಾಣುತ್ತೆ, ಒಳಗೆ ಬೀಳುತ್ತಿರುವುದು ಕನ್ನಡ ಅಂತ ಗೊತ್ತೇ ಆಗುವುದಿಲ್ಲ. ಎಷ್ಟು ಸಲ ಹೊಡೆದರೂ ತಪ್ಪು ತಪ್ಪು ಅನ್ನುತ್ತೆ.

ಅದಕ್ಕೆ ಅಮೆರಿಕನ್ ವಿನ್ಯಾಸ ಮೊದಲು, ಇಂಡಿಯಾ ವಿನ್ಯಾಸದ ಕನ್ನಡ ಎರಡನೆಯದು, ಆಲ್ಟ್-ಶಿಫ್ಟ್‌ನಿಂದ ಬದಲಾವಣೆ. ಮಕ್ಕಳಿಗೆ ಕಗಪ ರೂಢಿಯಾಗಿದ್ದರೆ ಎರಡನೆಯದಕ್ಕೆ ಕಗಪ ವಿನ್ಯಾಸವೇ ಇದೆ, ಅದನ್ನು ಹಾಕಿ. ಜಿಟಿಕೆ ಗ್ರೀಟರಿನ ಇಂಡಿಕೇಟರ್ಸ್ ಸಾಲಿನಲ್ಲಿ ಲೇಔಟ್ ಸೇರಿಸಿದರೆ ಮೇಲಿನ ಪಟ್ಟಿಯಲ್ಲಿ ಯಾವ ವಿನ್ಯಾಸ ಇದೆ ಅಂತ ಕಾಣುತ್ತೆ. ದಯವಿಟ್ಟು ಸೇರಿಸಿ. ಐಬಸ್‌ನಲ್ಲಿ ಕನ್ನಡ ಬರೆಯುವವರಿಗೆ ಈ ಕಾಟ ಇಲ್ಲ, ಐಬಸ್ ಏಳುವುದು ಲಾಗಿನ್ ಆದ ಮೇಲೆ.

ಕಡಲ_ಕಿಟ್ಟ
ಪಾಸ್‌ವರ್ಡನ್ನೇ ಕನ್ನಡದಲ್ಲಿ ಇಟ್ಟರೆ?

ಸೀತಾಳೆ
ಬೇಡ ಕಿಟ್ಟಣ್ಣ. ಗ್ರಾಫಿಕ್ಸ್ ಕೈಕೊಟ್ಟ ದಿನ ಕನ್ಸೋಲಿನಲ್ಲಿ ಲಾಗಿನ್ ಆಗಬೇಕಾಗುತ್ತೆ. ಅಲ್ಲಿ ಅದನ್ನು ಟೈಪ್ ಮಾಡುವುದು ಹೇಗೆ?

ಹೊಳೆದಂಡೆ_ಮೇಷ್ಟ್ರು
ಲೈಟ್‌ಡಿಎಂ ಹಾಕಿದೆ. ಹಾಕುವಾಗಲೇ ಜಿಡಿಎಂ ಬೇಕಾ, ಇದು ಬೇಕಾ ಅಂತ ನೀಲಿ ಪರದೆಯಲ್ಲಿ ಕೇಳಿತು. ಪಟ್ಟಿ ಬಂತು, ಕನ್ನಡ ಚೆನ್ನಾಗಿ ಕಾಣುತ್ತಿದೆ. ಏಳುವುದೂ ಬೇಗ.

ಒಂದು ಮಷೀನಿನಲ್ಲಿ ಮಾತ್ರ ಹತ್ತನೇ ತರಗತಿ ಖಾತೆಗೆ ಪಾಸ್‌ವರ್ಡ್ ಕೊಟ್ಟರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬರುತ್ತೆ. ಪಾಸ್‌ವರ್ಡ್ ತಪ್ಪು ಅಂತ ಹೇಳುವುದಿಲ್ಲ. ಶಿಕ್ಷಕರ ಖಾತೆಯಲ್ಲೂ ಹೀಗೇ.

ಬಯಲುಸೀಮೆ_ಬೈಟ್
ಪಾಸ್‌ವರ್ಡ್ ಸರಿ ಇದೆ, ಸೆಷನ್ ಏಳಲಾರದೆ ಬೀಳುತ್ತಿದೆ. ಕಂಟ್ರೋಲ್-ಆಲ್ಟ್-ಎಫ್2 ಒತ್ತಿ ಅಲ್ಲಿ ಲಾಗಿನ್ ಆಗಿ. ಮೊದಲು ಡಿಎಫ್ -ಎಚ್ ಕೊಟ್ಟು ಜಾಗ ನೋಡಿ. ಆಮೇಲೆ ಹೋಮ್ ಫೋಲ್ಡರಿನ ಎಕ್ಸ್‌ಅಥಾರಿಟಿ ಫೈಲ್ ಯಾರ ಹೆಸರಿನಲ್ಲಿದೆ ನೋಡಿ, ರೂಟ್ ಹೆಸರಿನಲ್ಲಿದ್ದರೆ ಹೀಗೇ ಆಗುತ್ತೆ. ಎಕ್ಸ್‌ಸೆಷನ್-ಎರರ್ಸ್ ಫೈಲಿನ ಕೊನೆಯ ಸಾಲುಗಳನ್ನೂ ಓದಿ.

ಹಳೇಬೇರು
ಎರಡು ಖಾತೆಗೂ ಒಟ್ಟಿಗೆ ಆಗಿದೆ ಅಂದರೆ ಜಾಗವೇ ಇರಬೇಕು. ಹೋಮ್ ಬೇರೆ ಪಾರ್ಟಿಷನ್ ಆಗಿದೆಯಾ?

ಹೊಳೆದಂಡೆ_ಮೇಷ್ಟ್ರು
ಹೌದು, ಬೇರೆ. ನೂರಕ್ಕೆ ನೂರು ತುಂಬಿದೆ! ಎಲ್ಲ ವಿಡಿಯೋ ಫೈಲುಗಳು.

ಹಳೇಬೇರು
ಅದೇ. ಲಾಗಿನ್ ಆದಾಗ ಎಕ್ಸ್‌ಅಥಾರಿಟಿಯಲ್ಲಿ ಒಂದು ಗುರುತಿನ ಕೀಲಿ ಬರೆಯಬೇಕು. ಬರೆಯಲು ಜಾಗ ಇಲ್ಲ, ಎಕ್ಸ್ ಒಳಗೆ ಬಿಡುವುದಿಲ್ಲ, ಸೆಷನ್ ಮುಗಿದು ಮತ್ತೆ ಮೊದಲ ಪರದೆಗೆ ಬರುತ್ತೆ. ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನಲ್ಲಿ ಸಾಮಾನ್ಯವಾಗಿ 5 ಪರ್ಸೆಂಟ್ ಜಾಗ ರೂಟ್‌ಗೆ ಮೀಸಲು. ಹಾಗಾಗಿ ರೂಟ್ ಆಗಿ ನೋಡಿದಾಗ ಎಲ್ಲ ಸರಿ ಇದ್ದ ಹಾಗೆ ಕಾಣುತ್ತೆ, ಬಳಕೆದಾರರಿಗೆ ಮಾತ್ರ ಒಂದು ಅಕ್ಷರ ಬರೆಯಲೂ ಆಗುವುದಿಲ್ಲ.

ಕಡಲ_ಕಿಟ್ಟ
ಈ ಫೈಲು ತುಂಬುವುದು ಮತ್ತೆ ಆಗದ ಹಾಗೆ ಗೆಸ್ಟ್ ಖಾತೆ ಇಡಬಹುದಲ್ವಾ? ಉಬುಂಟುವಿನಲ್ಲಿ ಇತ್ತು.

ಬಯಲುಸೀಮೆ_ಬೈಟ್
ಇತ್ತು. ಗೆಸ್ಟ್ ಸೆಷನ್‌ಗೆ ಹಾಕಿದ್ದ ಆಪ್‌ಆರ್ಮರ್ ಬೇಲಿ ಕೆಲಸ ಮಾಡುತ್ತಿಲ್ಲ ಅಂತ 2017ರಲ್ಲಿ ಗೊತ್ತಾಗಿ ಅದನ್ನು ನಿಲ್ಲಿಸಿದರು. ಗೆಸ್ಟ್ ಆಗಿ ಬಂದವರು ಬೇರೆಯವರ ಫೈಲು ಓದಬಹುದಿತ್ತು.

ಲ್ಯಾಬಿಗೆ ಬೇರೆ ದಾರಿ ಇದೆ. ಲೈಟ್‌ಡಿಎಂನಲ್ಲಿ ಸೆಷನ್-ಕ್ಲೀನಪ್-ಸ್ಕ್ರಿಪ್ಟ್ ಅನ್ನುವ ಸಾಲು ಇದೆ. ಲಾಗ್‌ಔಟ್ ಆದಾಗ ಆ ಸ್ಕ್ರಿಪ್ಟ್ ರೂಟ್ ಆಗಿ ಓಡುತ್ತೆ. ಒಂದು ಮಾದರಿ ಹೋಮ್ ಫೋಲ್ಡರ್ ಸಿದ್ಧ ಮಾಡಿಟ್ಟು, ಫೋಲ್ಡರ್ ನಕಲಿಸುವ ಆರ್‌ಸಿಂಕ್ ಕಮಾಂಡಿನಿಂದ ಮಕ್ಕಳ ಖಾತೆಯನ್ನು ಆ ಮಾದರಿಗೆ ಮರಳಿಸಬಹುದು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ಯಾರ ಖಾತೆ ಅಂತ ಪರೀಕ್ಷೆ ಮಾಡಿ, ಮೂರು ತರಗತಿಗಳ ಖಾತೆ ಅಲ್ಲದಿದ್ದರೆ ಅಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಶಿಕ್ಷಕರ ಪ್ರಶ್ನೆಪತ್ರಿಕೆಯೂ ಹೋಗುತ್ತೆ.

ಸೀತಾಳೆ
ಮಕ್ಕಳು ಮಾಡಿದ ಚಿತ್ರ, ಬರೆದ ಪ್ರೋಗ್ರಾಂ ಎಲ್ಲ ಪ್ರತಿ ಸಲ ಅಳಿಸುವುದು ನನಗೆ ಸರಿ ಅನ್ನಿಸುವುದಿಲ್ಲ. "ನನ್ನ ಕೆಲಸ" ಅಂತ ಒಂದು ಫೋಲ್ಡರ್ ಬಿಟ್ಟು ಉಳಿದದ್ದು ಅಳಿಸಿ. ಖಾತೆಗೆ ಡಿಸ್ಕ್ ಕೋಟಾ ಹಾಕಿ.

ಬಯಲುಸೀಮೆ_ಬೈಟ್
ಅದು ಇನ್ನೂ ಒಳ್ಳೆಯದು. ಆರ್‌ಸಿಂಕ್‌ನಲ್ಲಿ ಆ ಫೋಲ್ಡರಿಗೆ ಎಕ್ಸ್‌ಕ್ಲೂಡ್ ಕೊಡಿ.

ಮಂಜು_ಮುಸುಕು
ನಡುವೆ ನನ್ನದೊಂದು. ಎಕ್ಸ್‌ಎಫ್‌ಸಿಇ, ಲೈಟ್‌ಡಿಎಂ, ಲ್ಯಾಪ್‌ಟಾಪ್. ಮುಚ್ಚಿ ತೆರೆದರೆ ಪರದೆ ಕಪ್ಪು. ಕಂಟ್ರೋಲ್-ಆಲ್ಟ್-ಎಫ್7 ಒತ್ತಿದರೆ ಮರಳಿ ಬರುತ್ತೆ. ಲೈಟ್‌ಡಿಎಂ ಬದಲಿಸಬೇಕಾ?

ಗ್ನೋಮ್_ಗೆಳತಿ
ಅದು ಲೈಟ್‌ಡಿಎಂ ಅಲ್ಲ, ಲೈಟ್-ಲಾಕರ್ ಕೆಲಸ. ಲಾಕ್ ಆದಾಗ ಅದು ಬೇರೆ ಕನ್ಸೋಲಿಗೆ ಹೋಗಿ ಅಲ್ಲಿ ಗ್ರೀಟರ್ ತೋರಿಸುತ್ತೆ. ಕೆಲವು ಮಷೀನುಗಳಲ್ಲಿ ಸಸ್ಪೆಂಡ್‌ನಿಂದ ಎದ್ದಾಗ ಆ ಬದಲಾವಣೆ ಸರಿಯಾಗಿ ಆಗುವುದಿಲ್ಲ. ಅದನ್ನು ತೆಗೆದು ಎಕ್ಸ್‌ಎಫ್‌ಸಿಇ4-ಸ್ಕ್ರೀನ್‌ಸೇವರ್ ಹಾಕಿ. ನೋಡಿ, ಜಿಡಿಎಂ ಭಕ್ತೆಯಾದ ನಾನೂ ಲೈಟ್‌ಡಿಎಂ ಪರ ಮಾತಾಡಿದೆ.

ಮಂಜು_ಮುಸುಕು
ಸರಿಹೋಯ್ತು! ಇನ್ನೊಂದು ಕೇಳಿಬಿಡುತ್ತೇನೆ. ಬೆರಳಚ್ಚು ಕೊಟ್ಟು ಲಾಗಿನ್ ಆಗುತ್ತೇನೆ. ಒಳಗೆ ಹೋಗಿ ಬ್ರೌಸರ್ ತೆರೆದ ಕೂಡಲೇ ಕೀರಿಂಗ್ ಪಾಸ್‌ವರ್ಡ್ ಕೇಳುತ್ತೆ. ಯಾಕೆ?

ಸೀತಾಳೆ
ಕೀರಿಂಗ್ ಅಂದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳ ಪೆಟ್ಟಿಗೆ. ಅದರಲ್ಲಿರುವ ಗುಟ್ಟುಗಳಿಗೆ ಬೀಗ ಹಾಕಿರುವುದು ನಿಮ್ಮ ಲಾಗಿನ್ ಪಾಸ್‌ವರ್ಡಿನಿಂದ. ಪಾಸ್‌ವರ್ಡ್ ಟೈಪ್ ಮಾಡಿದರೆ ಪ್ಯಾಮ್ (ಲಾಗಿನ್ ಪರೀಕ್ಷಿಸುವ ವ್ಯವಸ್ಥೆ) ಅದನ್ನು ಕೀರಿಂಗ್‌ಗೂ ದಾಟಿಸುತ್ತೆ, ಎರಡೂ ಒಟ್ಟಿಗೆ ತೆರೆಯುತ್ತವೆ. ಬೆರಳಿಟ್ಟರೆ "ಇವರು ಇವರೇ" ಅಂತ ಮಾತ್ರ ಗೊತ್ತಾಗುತ್ತೆ, ದಾಟಿಸಲು ಪಾಸ್‌ವರ್ಡೇ ಇಲ್ಲ. ಆಟೋ-ಲಾಗಿನ್ ಇಟ್ಟವರಿಗೂ ಇದೇ ಆಗುವುದು. ಯಾವ ಲಾಗಿನ್ ಮ್ಯಾನೇಜರ್ ಹಾಕಿದರೂ ಇದು ತಪ್ಪುವುದಿಲ್ಲ.

ಕೀರಿಂಗ್ ಪಾಸ್‌ವರ್ಡ್ ಖಾಲಿ ಬಿಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಹಾಗೆ ಮಾಡಿದರೆ ಅದರಲ್ಲಿರುವುದೆಲ್ಲ ಡಿಸ್ಕ್‌ನಲ್ಲಿ ಬೀಗ ಇಲ್ಲದೆ ಬಿದ್ದಿರುತ್ತೆ. ಡಿಸ್ಕನ್ನೇ ಲಕ್ಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಯೋಚಿಸಿ. ಇಲ್ಲದಿದ್ದರೆ ಬೂಟ್ ಆದ ಮೇಲೆ ಮೊದಲ ಸಲ ಪಾಸ್‌ವರ್ಡ್ ಕೊಡಿ, ಆಮೇಲೆ ಲಾಕ್ ತೆಗೆಯಲು ಬೆರಳು ಬಳಸಿ.

ಮಂಜು_ಮುಸುಕು
ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಲ್ಲ. ಮೊದಲ ಸಲ ಪಾಸ್‌ವರ್ಡೇ ಕೊಡುತ್ತೇನೆ. ಥ್ಯಾಂಕ್ಸ್ ಸೀತಾಳೆ ಅವರೇ.